ಕೊನೆಯ ಸಾಲು

ಡಾಕ್ಟರಾಗಲು ಓದುವ ಮಕ್ಕಳ ಪರೀಕ್ಷೆಗೆ ಬಂದು ಮಲಗುವ ರೋಗಿಗೆ ಐನೂರು ರೂಪಾಯಿ, ಬಸ್ ಚಾರ್ಜು, ಮಧ್ಯಾಹ್ನದ ಊಟ. ಪುಟ್ಟತಾಯಮ್ಮ ಒಂಬತ್ತು ವರ್ಷದಿಂದ ಬರುತ್ತಿದ್ದಳು. ಅವಳ ಎರಡೂ ಕಿಡ್ನಿಗಳಲ್ಲಿ ನೀರುಗುಳ್ಳೆ ತುಂಬಿತ್ತು. ಹೊಟ್ಟೆ ಒತ್ತಿದರೆ ಕೈಗೆ ಸಿಗುತ್ತಿತ್ತು.

ನಾನು ಆ ವಾರ್ಡಿನ ಆಯಾ. ಪ್ರೊಫೆಸರರ ಪಾಠ ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು. ಹೆದರಿ ಬೆವರುವ ಮಕ್ಕಳಿಗೆ ಪರದೆಯ ಈಚೆ ನಿಂತು ಕಿವಿಯಲ್ಲಿ ಉತ್ತರ ಹೇಳಿಕೊಡುತ್ತಿದ್ದೆ. “ಕೊನೇ ಸಾಲು ಮರೀಬೇಡಿ, ಮಾರ್ಕ್ಸ್ ಇರೋದೇ ಅದಕ್ಕೆ,” ಅನ್ನುತ್ತಿದ್ದೆ. ಪಾಸಾದವರು ಸೀರೆ ತಂದುಕೊಟ್ಟದ್ದೂ ಉಂಟು.

ಈ ಸಲದ ಹುಡುಗಿ ನಾನು ಹೇಳಿದ್ದೆಲ್ಲ ಕೇಳಿಸಿಕೊಂಡು ಪರದೆ ಸರಿಸಿ ಒಳಗೆ ಹೋದಳು. ಹಿಂದೆಯೇ ನಾನೂ ಹೋದೆ.

“ಮಕ್ಕಳಿದ್ದಾರಾ ಅಮ್ಮ?”

“ಒಬ್ಳೇ ಮಗಳು. ಯಾವಾಗ್ಲೂ ತಲೆನೋವು ಅಂತಿರ್ತಾಳೆ.”

“ಬಿಪಿ ನೋಡಿಸಿದ್ರಾ? ಸ್ಕ್ಯಾನ್ ಮಾಡಿಸಿದ್ರಾ?”

ಪುಟ್ಟತಾಯಮ್ಮ ನಕ್ಕಳು. “ಅವ್ಳಿಗ್ಯಾಕವ್ವಾ? ಕಾಯಿಲೆ ನಂಗಲ್ವಾ?”

ಹುಡುಗಿ ಹೊಟ್ಟೆಯ ಮೇಲಿಟ್ಟಿದ್ದ ಕೈ ತೆಗೆದಳು. “ಇದು ತಾಯಿಯಿಂದ ಮಕ್ಕಳಿಗೂ ಬರಬಹುದಾದ ಕಾಯಿಲೆ ಅಮ್ಮ. ಬೇಗ ಗೊತ್ತಾದ್ರೆ ಔಷಧಿ ಕೊಟ್ಟು ಕಿಡ್ನಿ ಕಾಪಾಡ್ಬಹುದು. ಈಗ ತಾನೇ ಆಯಮ್ಮನೇ ನಂಗೆ ಹೇಳಿದ್ರಲ್ಲ. ನಿಮಗೆ ಹೇಳಿಲ್ವಾ?”

ಪುಟ್ಟತಾಯಮ್ಮ ನನ್ನ ಕಡೆ ತಿರುಗಿದಳು. “ರತ್ನಕ್ಕಾ, ನಿಂಗೆ ಗೊತ್ತಿತ್ತಾ?”

ದೊಡ್ಡ ಡಾಕ್ಟರು ಹೇಳಿರುತ್ತಾರೆ ಅಂದುಕೊಂಡಿದ್ದೆ.

ರೋಗಿಯ ಮಕ್ಕಳನ್ನೂ ಪರೀಕ್ಷೆ ಮಾಡಿಸಬೇಕು ಅನ್ನುವುದೇ ಆ ಕೊನೆಯ ಸಾಲಾಗಿತ್ತು. ಅದರಿಂದ ನನಗೆ ಮೂರು ಸೀರೆ ಬಂದಿದ್ದವು, ಅವಳ ಮಗಳ ಒಂಬತ್ತು ವರ್ಷ ಕೈತಪ್ಪಿ ಹೋಗಿತ್ತು.