ತೊಂಬತ್ತಾರು ಪರ್ಸೆಂಟ್

"ಫುಪ್ಪೂ, ರಿಸೀವರ್ ಎತ್ತಬೇಡಿ!"

ಷಮೀಮ್ ಕೂಗಿದ ರಭಸಕ್ಕೆ ಅವಳ ಸೋದರತ್ತೆ ಖತೀಜಾ ಬೀ ಕೈ ಹಿಂದಕ್ಕೆಳೆದುಕೊಂಡರು. 1999. ಶಿಡ್ಲಘಟ್ಟದ ಆ ಮನೆಯಲ್ಲಿದ್ದುದು ಒಂದೇ ಫೋನ್ ಲೈನು. ಬೆಳಿಗ್ಗೆ ಒಂಬತ್ತರಿಂದ ಅದು ಇಂಟರ್ನೆಟ್ಟಿಗೆಂದು ಕಂಪ್ಯೂಟರಿನ ಪಾಲಾಗಿತ್ತು. ಅಷ್ಟು ಹೊತ್ತೂ ಹೊರಗಿನ ಫೋನ್ ಬರುವಂತಿರಲಿಲ್ಲ, ರಿಸೀವರ್ ಎತ್ತಿದರೆ ಇಂಟರ್ನೆಟ್ ಕಟ್ಟಾಗುತ್ತಿತ್ತು.

"ಯಾರ್‍ಯಾರದೋ ಫ್ಲಾಪಿ ಹಾಕಿದ್ರೆ ವೈರಸ್ ಬರುತ್ತೆ. ಕಾಲೇಜಿನವರು ಹೇಳಿದ ಕಡೆಯಿಂದ್ಲೇ ಇಳಿಸ್ಕೋಬೇಕು. ಹದಿನೆಂಟು ಎಂ.ಬಿ. ಜಿಪ್ ಫೈಲು. ಮಧ್ಯೆ ಲೈನ್ ಕಟ್ಟಾದ್ರೆ ತೆರೆಯೋದೇ ಇಲ್ಲ, ಮೊದಲಿಂದ ಶುರು. ನಾಳೆ ಪ್ರಾಕ್ಟಿಕಲ್ ಇದೆ."

"ನಿಕಾಹ್ ಆಗೋ ಹುಡುಗಿಗೆ ಎಂಥಾ ಪ್ರಾಕ್ಟಿಕಲ್ಲು? ಗೌರಿಬಿದನೂರಿನವರು ಫೋನ್ ಮಾಡೋ ಹೊತ್ತು."

ಅದೂ ನಿಜವೇ. ಅಂದು ಶುಕ್ರವಾರ. ಗಂಡಿನ ಮನೆಯವರು ಕಡ್ಡಿ ಮುರಿದಂತೆ ಹೇಳಿದ್ದರು: ಶುಕ್ರವಾರದ ನಮಾಜಿನೊಳಗೆ ನಾವು ಫೋನ್ ಮಾಡಿದಾಗ ಒಪ್ಪಿಗೆ ಸಿಗದಿದ್ದರೆ ಚಿಂತಾಮಣಿಯ ಹುಡುಗಿಗೆ ಮಾತು ಕೊಡುತ್ತೇವೆ. ಸಿಕ್ಕರೆ ಈ ತಿಂಗಳೇ ನಿಕಾಹ್. ಷಮೀಮಳ ಓದು ಅಲ್ಲಿಗೆ ಮುಗಿಯಿತು. ಬೇಡವೆಂದು ಅವಳು ಎರಡು ದಿನ ಅತ್ತಳು. ಅಪ್ಪ ಹುಸೇನ್ ಸಾಬ್ ತುಟಿ ಪಿಟಕ್ಕೆನ್ನಲಿಲ್ಲ. ಸಾಕಿ ಬೆಳೆಸಿದ ಅಕ್ಕನ ಮಾತನ್ನು ಅವರು ಜನ್ಮದಲ್ಲಿ ಮೀರಿದವರಲ್ಲ. ಸಾಧು ಮನುಷ್ಯ. ಆ ಸಾಧುತನದಿಂದ ಮಗಳಿಗೇನು ಬಂತು?

"ನಾವೇ ಎಸ್.ಟಿ.ಡಿ. ಬೂತಿಂದ ಫೋನ್ ಮಾಡಣ," ಎಂದರು ಖತೀಜಾ ಬೀ.

"ಹೆಣ್ಣಿನ ಕಡೆಯವರು ಮೇಲೆ ಬಿದ್ದು ಫೋನ್ ಮಾಡಿದ್ರೆ ಮರ್ಯಾದೆ ಇರುತ್ತಾ ಆಪಾ? ನೀವೇ ಹೇಳಿದ್ದಲ್ವಾ?" ಎಂದರು ಹುಸೇನ್ ಸಾಬ್. ಅಕ್ಕ ಮತ್ತೆ ಕುರ್ಚಿಯಲ್ಲಿ ಕೂತರು.

ಹನ್ನೊಂದು ಗಂಟೆಗೆ ತೊಂಬತ್ತಾರು ಪರ್ಸೆಂಟ್. ಷಮೀಮ್ ಪರದೆಯನ್ನೇ ನೋಡುತ್ತ ಕೂತಿದ್ದಳು. ಹುಸೇನ್ ಸಾಬ್ ಗಡಿಯಾರ ನೋಡಿದರು, ಎದ್ದು ಬಂದರು, ರಿಸೀವರ್ ಎತ್ತಿಯೇಬಿಟ್ಟರು.

ಫೈಲು ನಿಂತುಹೋಯಿತು.

"ಅಬ್ಬಾ!" ಅಪ್ಪನತ್ತ ತಿರುಗಿದ ಷಮೀಮಳ ಕಣ್ಣು ತುಂಬಿತು. "ನೀವೂ ಅವರ ಕಡೆನೇನಾ?"

"ಲೈನ್ ಇದೆಯೋ ಇಲ್ವೋ ಅಂತ ನೋಡ್ದೆ ಕಣಮ್ಮ." ಅವರು ತಲೆ ತಗ್ಗಿಸಿದರು. "ಕೆಡಿಸಿದೋನು ನಾನು. ಇನ್ನೊಂದ್ ಸಲ ಇಳಿಸ್ಕೊಳ್ಳಲಿ ಬಿಡಿ ಆಪಾ."

ತಮ್ಮನ ಸಪ್ಪೆ ಮುಖ ನೋಡಿ ಖತೀಜಾ ಬೀ ಗೊಣಗುತ್ತಲೇ ಒಪ್ಪಿದರು.

ಹನ್ನೆರಡೂ ಮುಕ್ಕಾಲಿಗೆ ಫೈಲು ಪೂರ್ತಿ ಇಳಿಯಿತು. ವೈರಸ್ ಇಲ್ಲವೆಂದೂ ಖಾತ್ರಿಯಾಯಿತು. ಪ್ರಾಕ್ಟಿಕಲ್ ಉಳಿಯಿತು, ಆದರೆ ಇನ್ನು ಲೈನ್ ಬಿಡಬೇಕು. ನಮಾಜಿಗೆ ಮುಕ್ಕಾಲು ಗಂಟೆಯಿತ್ತು. ಒಂದು ಫೋನ್ ಬರಲು ಅಷ್ಟು ಹೊತ್ತು ಧಾರಾಳ. ಷಮೀಮ್ ಇಂಟರ್ನೆಟ್ ಕಡಿಯಲು ಮೌಸಿನತ್ತ ಕೈ ಚಾಚಿದಳು.

ಖತೀಜಾ ಬೀ ಕೈಕಾಲು ತೊಳೆಯಲು ಬಚ್ಚಲಿಗೆ ಹೋದರು. ಟೋಪಿ ಹಾಕಿಕೊಂಡು ಮಸೀದಿಗೆ ಹೊರಟಿದ್ದ ಹುಸೇನ್ ಸಾಬ್ ಮಗಳ ಕಿವಿಯ ಹತ್ತಿರ ಬಗ್ಗಿದರು.

"ನಾನು ನಮಾಜ್ ಮುಗಿಸ್ಕೊಂಡು ಬರೋವರೆಗೂ ಇಳೀತಾನೇ ಇರೋಂಥ ಇನ್ನೊಂದು ದೊಡ್ಡ ಫೈಲ್ ಇದೆಯಾ, ಬೇಟಿ?"