ಅಕ್ಕನ ಹಲ್ಲಿನ ತಂತಿ

ಲವಂಗದೆಣ್ಣೆಯ ವಾಸನೆ ಬಂದರೆ ಈಗಲೂ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ಅಂದು ಮಧ್ಯಾಹ್ನ ಅಪ್ಪ ಅಕ್ಕನನ್ನೂ ನನ್ನನ್ನೂ ಸಿಂಧನೂರಿನ ಹಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದ. ಅಕ್ಕನ ಉಬ್ಬುಹಲ್ಲು ಒಳಗೆ ಸರಿಯಲೆಂದು ಹಾಕಿಸಿದ್ದ ತಂತಿಯನ್ನು ಅರ್ಧಕ್ಕೇ ತೆಗೆಸಬೇಕಿತ್ತು.

“ನಾಳೆ ಮಸ್ಕಿಯಿಂದ ಹೆಣ್ಣು ನೋಡಾಕ ಬರಾಕತ್ತಾರ್ರೀ. ಬಾಯಾಗ ಕಬ್ಬಣ ಕಂಡ್ರ ಏನಂದಾರು?” ಎಂದ ಅಪ್ಪ.

“ಈಗ ತಗದ್ರ ಹಲ್ಲು ಮತ್ತ ಮುಂದ ಬರ್ತಾವ್ರೀ,” ಎಂದರು ಡಾಕ್ಟರು.

“ಲಗ್ನ ಆದಮ್ಯಾಲ ಬಂದ್ರ ಬರ್ಲಿ ಬಿಡ್ರೀ.”

ಲವಂಗದೆಣ್ಣೆಯ ವಾಸನೆ ತುಂಬಿದ್ದ ಆ ಕೋಣೆಯಲ್ಲಿ ಬಾಯಿ ಅಗಲಿಸಿ ಕೂತಿದ್ದ ಅಕ್ಕನಿಗೆ ಮಾತಾಡಲು ಆಗುವಂತಿರಲಿಲ್ಲ. ಇಕ್ಕಳ ಸದ್ದು ಮಾಡಿದಾಗಲೆಲ್ಲ ನನ್ನ ಬೆರಳು ಹಿಂಡುತ್ತಿದ್ದಳು.

ವಾಪಸಾಗುವಾಗ ಬಸ್ಸಿನಲ್ಲಿ, ನಮ್ಮ ಜವಳಗೇರಾ ಬರುವವರೆಗೂ, ಕೈ ಸೋತರೆ ಕೈ ಬದಲಿಸುತ್ತಾ, ಅವಳು ಮುಂದಿನ ಹಲ್ಲುಗಳನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ ಹಿಡಿದೇ ಇದ್ದಳು.