ಒಳಗೆ ಸೇರಿಸುವ ಅಧಿಕಾರ

ಪದ್ದು ತನ್ನ ಅತ್ತೆ ಸುಂದರಿಯನ್ನು, ಎರಡು ಗೋಣಿ ಪಾತ್ರೆಗಳನ್ನು ಮತ್ತು ಒಂದು ಮಿಕ್ಸಿಯನ್ನು ಆಶ್ರಯ ಕೇಂದ್ರದ ಜಗಲಿಯಲ್ಲಿ ಇಳಿಸುವಾಗ ಬೆಳಿಗ್ಗೆ ಒಂಬತ್ತು ಗಂಟೆ. ಸಮುದ್ರ ಆಗಲೇ ಅವರ ಮನೆಯ ಹಿಂದಿನ ಅರ್ಧವನ್ನು ಕೊಂಡುಹೋಗಿತ್ತು. ಮುಂದಿನ ಅರ್ಧ ಹೊರಡುವ ತಯಾರಿಯಲ್ಲಿತ್ತು. ತ್ರಾಸಿ ಊರಿನ ಈಚೆ ಬದಿಯ ಆ ಕೇರಿಯಲ್ಲಿ ಗಟ್ಟಿ ಕಟ್ಟಡ ಎಂದರೆ ಇದೊಂದೇ. ಗೋಡೆಯ ಮೇಲೆ ‘ಕಡಲ್ಕೊರೆತ ನಿರಾಶ್ರಿತರ ಆಶ್ರಯ ಕೇಂದ್ರ’ ಎಂದು ದೊಡ್ಡದಾಗಿ ಬರೆದಿತ್ತು. ಬಾಗಿಲಿಗೆ ಬೀಗ ಹಾಕಿತ್ತು.

ಪಂಚಾಯತ್ ಅಭಿವೃದ್ಧಿ ಅಧಿಕಾರಿ ರಮ್ಯಶ್ರೀ ಬೀಗದ ಕೈ ಹಿಡಿದುಕೊಂಡೇ ಬಂದಳು, ಆದರೆ ತೆಗೆಯಲಿಲ್ಲ. ಇದೇ ಸೀಮೆಯ ಬ್ರಹ್ಮಾವರದವಳೇ ಆದರೂ ಆದೇಶದ ವಿಷಯ ಬಂದರೆ ಅವಳ ಬಾಯಲ್ಲಿ ಅಚ್ಚಿನ ಕನ್ನಡ ಬರುತ್ತಿತ್ತು.

“ನಿರಾಶ್ರಿತರನ್ನು ಒಳಗೆ ಸೇರಿಸುವ ಅಧಿಕಾರ ನಮಗೆ ಮೇ ಮೂವತ್ತೊಂದರವರೆಗೆ ಮಾತ್ರ ಇತ್ತು ಪದ್ದಕ್ಕ. ಇವತ್ತು ಜೂನ್ ಮೂರು. ಅವಧಿ ವಿಸ್ತರಣೆ ಆಗಬೇಕು.”

“ಮಳಿ ಸುರು ಆಪ ಹೊತ್ತಿಗೇ ಮುಗಿತಾ ಅದ್? ಕಡ್ಲಿಗೆ ಇದೆಲ್ಲ ಗೊತ್ತಿತ್ತಾ?”

ಕಡಲಿಗೆ ಗೊತ್ತಿರಲಿಲ್ಲ, ನಿಜ. ಪ್ರತಿ ವರ್ಷ ಮೇ ಕೊನೆಗೆ ಈ ಅಧಿಕಾರ ಮುಗಿಯುತ್ತದೆ. ಸಭೆ ಸೇರಿ ವಿಸ್ತರಿಸಿ, ಕಡತ ಮೇಲಕ್ಕೆ ಹೋಗಿ, ಸಹಿಯಾಗಿ ಕೆಳಗೆ ಬರುವಾಗ ನವರಾತ್ರಿ. ಅಲ್ಲಿಂದ ಮುಂದೆ ಪಂಚಾಯತಿಗೆ ಎಂಟು ತಿಂಗಳು ಪೂರ್ತಿ ಅಧಿಕಾರ. ಆ ಎಂಟು ತಿಂಗಳು ಕಡಲು ಕೊಟ್ಟಿಗೆಯ ಹಸುವಿನ ಹಾಗೆ ಬಿದ್ದುಕೊಂಡಿರುತ್ತದೆ. ಹೀಗೆ ನಾಲ್ಕು ಸಲ ವಿಸ್ತರಣೆಯಾಗಿದೆ, ನಾಲ್ಕು ಸಲ ಸಭೆಗೆ ಚಹಾ, ಗೋಳಿಬಜೆ ಬಂದಿದೆ, ನಾಲ್ಕು ಸಲ ಪೇಪರಿನಲ್ಲಿ ಫೋಟೋ ಬಂದಿದೆ. ನಿರಾಶ್ರಿತರು ಮಾತ್ರ ಒಬ್ಬರೂ ಒಳಗೆ ಬಂದಿಲ್ಲ.

ಅಷ್ಟರಲ್ಲಿ ಪಂಚಾಯತ್ ಅಧ್ಯಕ್ಷ ಪ್ರೇಮಾನಂದ ಕಾರಿನಿಂದ ಇಳಿದರು. ಎರಡು ಮೀನುಗಾರಿಕೆ ಬೋಟಿನ ಧಣಿ. ಮಾತಿನಲ್ಲಿ ಬಹಳ ಮೃದು.

“ಪದ್ದಕ್ಕ, ನಿಮ್ನ್ ಕಂಡ್ರೆ ನಂಗೆ ಕರುಳ್ ಚುರ್ ಅಂತ್ತ್. ಆರೆ ಕಾನೂನ್ ಅಂದ್ರೆ ಕಾನೂನ್ ಅಲ್ದಾ? ಬಪ್ಪ ಗುರುವಾರ ಸಭೆ ಇತ್ತ್. ಅಲ್ಲಿವರಿಗೆ ನೆಂಟ್ರ ಮನಿ ಇಲ್ಯಾ?”

“ಇತ್ತಿತ್. ನಮ್ಮನಿ ಬದಿಯಂಗೇ. ಅದ್ ಹ್ವಾದ ವರ್ಷವೇ ಹೋಯ್ತ್.”

ಪದ್ದು ಕಿಟಕಿಯ ಗಾಜು ಒರೆಸಿ ಒಳಗೆ ನೋಡಿದಳು. ಗೋಡೆಯಿಂದ ಗೋಡೆಯವರೆಗೆ ನೀಲಿ ಬಲೆಯ ರಾಶಿ. ಮೇಲೆ ಹೊಸ ಟರ್ಪಾಲು, ಅದರ ಮೇಲೆ ತಿರುಗುತ್ತಿರುವ ಫ್ಯಾನು. ಮೊನ್ನೆ ಒಂದನೇ ತಾರೀಕಿಗೆ ಮಳೆಗಾಲದ ಎರಡು ತಿಂಗಳಿಗೆಂದು ಮೀನುಗಾರಿಕೆ ಬಂದ್ ಆಗಿ ಬೋಟುಗಳೆಲ್ಲ ದಡಕ್ಕೆ ಬಂದಿದ್ದವು. ಅದು ಯಾರ ಬಲೆ ಎಂದು ಕೇರಿಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

“ಇದನ್ನ ಯಾವ ಅಧಿಕಾರದಂಗೆ ಒಳ್ಗ್ ಸೇರ್ಸಿದ್ರಿ?” ಎಂದು ಕೇಳಿದಳು.

ಅಧ್ಯಕ್ಷರು ನಕ್ಕರು. “ಬಲಿಗ್ ಎಂತ ಅಧಿಕಾರ ಮರಾಯ್ತಿ? ಅದೆಂತ ನಿರಾಶ್ರಿತನಾ?”

“ಆದೇಶದಲ್ಲಿ ವ್ಯಕ್ತಿಗಳು ಎಂದಷ್ಟೇ ಇದೆ,” ಎಂದಳು ರಮ್ಯಶ್ರೀ, ನೆಲ ನೋಡುತ್ತ. ಅವಳಿಗೆ ನಾಚಿಕೆಯಾಗಿತ್ತು. ಆದರೆ ನಾಚಿಕೆಯಿಂದ ಬೀಗ ತೆರೆಯುವ ಕ್ರಮ ಇಲ್ಲ.

ಆಗ ಸುಂದರಿ ಎದ್ದು ಬಂದು ಕಿಟಕಿಗೆ ಮುಖ ಒತ್ತಿದಳು. ಎರಡು ಕಣ್ಣಿಗೂ ಪೊರೆ ಬಂದು ಮೂರು ವರ್ಷವಾಗಿದೆ; ತಟ್ಟೆಯಲ್ಲಿರುವುದು ಮೀನೋ ಸೌತೆಕಾಯಿಯೋ ಎಂದು ಮುಟ್ಟಿ ತಿಳಿಯುವ ಮುದುಕಿ.

“ಹೆಗ್ಣ,” ಎಂದಳು. “ಎರಡ್ ಇತ್ತ್. ಬಲಿ ಒಳ್ಗೇ ಹೊಕ್ತ್ ಕಾಣ್.”

ಪದ್ದು ಅತ್ತೆಯ ಮುಖ ನೋಡಿದಳು. ಮತ್ತೆ ಬಲೆ ನೋಡಿದಳು. “ಹೌದ್,” ಎಂದಳು. “ಒಂದಂತೂ ದೊಡ್ಡದ್.”

ಆ ಬೆಳಿಗ್ಗೆ ಮೊದಲ ಬಾರಿಗೆ ಅಧ್ಯಕ್ಷರಿಗೆ ನಿಜವಾಗಿ ಸಂಕಟವಾಯಿತು. ಮೀನಿನ ವಾಸನೆಯ ಬಲೆಗೆ ಹೆಗ್ಗಣ ಬಾಯಿ ಹಾಕಿದರೆ ಆಗಸ್ಟಿಗೆ ಕಡಲಿಗೆ ಇಳಿಸುವುದು ಬರೀ ಹಗ್ಗವನ್ನು.

“ಮೇಡಂ, ಬಲಿ ಕಾವುಕೆ ಜನ ಇಡುಕ್ ಆತ್ತಾ? ಕಾನೂನಂಗೆ ಎಂತ ಇತ್ತ್ ಕಾಣಿ.”

ರಮ್ಯಶ್ರೀ ಆದೇಶವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದಳು. ಬಲೆಯನ್ನು ಕಾಯಬಾರದು ಎಂದು ಎಲ್ಲಿಯೂ ಬರೆದಿರಲಿಲ್ಲ. ಅಧ್ಯಕ್ಷರ ಮನಸ್ಸು ಬದಲಾಗುವ ಮೊದಲೇ ಬೀಗ ತೆಗೆದು, ಅತ್ತೆ ಸೊಸೆಯನ್ನು ಒಳಗೆ ಬಿಟ್ಟು, ನಿಂತಲ್ಲೇ ರಿಜಿಸ್ಟರಿನಲ್ಲಿ ಬರೆದಳು: ಬಲೆ ಒಂದು, ಕಾವಲು ಇಬ್ಬರು.

ಗುರುವಾರ ಕೇಂದ್ರದ ಜಗಲಿಯಲ್ಲೇ ಸಭೆ ನಡೆಯಿತು. ನಿರಾಶ್ರಿತರನ್ನು ಸೇರಿಸುವ ಅಧಿಕಾರವನ್ನು ಇನ್ನೊಂದು ವರ್ಷಕ್ಕೆ ವಿಸ್ತರಿಸಬೇಕೆಂದು ಸರ್ವಾನುಮತದ ನಿರ್ಣಯವಾಯಿತು. ಕಡತ ಮಾಮೂಲಿನಂತೆ ಮೇಲಕ್ಕೆ ಹೊರಟಿತು. ಕಳೆದ ಅವಧಿಯಲ್ಲಿ ಸೇರಿಸಿಕೊಂಡ ನಿರಾಶ್ರಿತರ ಸಂಖ್ಯೆ ಸೊನ್ನೆ ಎಂದು ಅಧ್ಯಕ್ಷರು ವರದಿ ಓದಿದಾಗ ಚಪ್ಪಾಳೆಯೂ ಬಿತ್ತು. ಗೋಳಿಬಜೆ ಬಂತು, ಪೇಪರಿನ ಫೋಟೋದವನೂ ಬಂದ.

“ಒಬ್ರಾರೂ ನಿರಾಶ್ರಿತ್ರ್ ಇದ್ದಿದ್ರೆ ಫೋಟೋಕ್ಕೆ ಚಂದ ಇತ್ತಿತ್,” ಎಂದು ಅಧ್ಯಕ್ಷರು ಪೇಚಾಡಿದರು.

ರಮ್ಯಶ್ರೀ ಒಳಗೆ ನೋಡಿದಳು. ಬಲೆಯ ಪಕ್ಕದ ಒಂದು ಚಾಪೆ ಅಗಲದ ಜಾಗದಲ್ಲಿ ಪದ್ದು ಗಂಜಿ ಬಸಿಯುತ್ತಿದ್ದಳು.

“ಅವ್ರ್ ಬಲಿ ಕಾವವ್ರ್ ಅಲ್ದಾ ಮೇಡಂ,” ಎಂದ ಅಧ್ಯಕ್ಷರು ತೆರೆದ ಬಾಗಿಲಿಗೆ ಬೆನ್ನು ಹಾಕಿ ನಿಂತರು. ಸದಸ್ಯರೆಲ್ಲ ಎಡಕ್ಕೂ ಬಲಕ್ಕೂ ಒತ್ತಿಕೊಂಡರು, ಜಾಗ ಸಾಲದೆ ಇಬ್ಬರು ಹೊಸ್ತಿಲ ಒಳಗೇ ಕಾಲಿಟ್ಟರು.

ಕತ್ತಲ ಮೂಲೆಯಿಂದ ಸುಂದರಿಯ ದನಿ ಬಂತು:

“ಹ್ವಾಯ್ ಅಧ್ಯಕ್ಷರೆ, ಆ ಬಾಗ್ಲ್ ಒಂಚೂರ್ ಹಾಕಿ. ಹೆಗ್ಣ ಒಳ್ಗ್ ಬತ್ತ್.”